ಆಲ್ಪ್ಸ್‌ಗೆ ಕಾರಿನಲ್ಲಿ ಹೋಗುವವರು ಬಕೆಟ್ ಒಯ್ಯಬೇಡಿ

ಕಳೆದ ಭಾನುವಾರ ಕಂಪ್ಲಿಯಿಂದ ಅಕ್ಕಿ ಗಿರಣಿಯ ದಂಪತಿ ನಮ್ಮ ಹೊಸಪೇಟೆಯ ಮನೆಗೆ ಬಂದಿದ್ದರು. ಬರುವ ಚಳಿಗಾಲದಲ್ಲಿ ಅವರು ಆಲ್ಪ್ಸ್ ಪರ್ವತಕ್ಕೆ ಹೋಗುವವರಿದ್ದಾರೆ. ಅಲ್ಲಿ ಕಾರು ಬಾಡಿಗೆಗೆ ಹಿಡಿದು, ಹಿಮದ ಮೇಲೆ ಸ್ಕೀ ಆಡಿ ಬರಬೇಕೆಂಬುದು ಅವರ ಆಸೆ. ನಾವು ಹೋದ ವರ್ಷ ಹೋಗಿ ಬಂದವರಲ್ಲವೇ, ನಾಲ್ಕು ಮಾತು ಕೇಳಿಕೊಂಡು ಹೋಗೋಣ ಎಂದು ಬಂದಿದ್ದರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಎಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ನಮ್ಮ ಮನೆಯವರು ಸೋಫಾದ ಅಂಚಿಗೆ ಸರಿದು ಕೂತು ಉಪದೇಶ ಆರಂಭಿಸಿಯೇಬಿಟ್ಟಿದ್ದರು.

"ಏನೂ ಇಲ್ರಿ, ಭಾಳ ಸರಳ. ಸಂಡೂರು ಘಾಟಿ ಹೊಡದಾವ್ಗ ಆಲ್ಪ್ಸ್ ಏನ್ ದೊಡ್ಡ ಮಾತು? ಗಾಡಿ ನಮ್ಮ ಮಾತು ಕೇಳ್ಬೇಕು, ಅಷ್ಟ."

ಬಜ್ಜಿಯ ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿ ಒಳಗೆ ಬಂದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಐದು ದಿನದ ಪ್ರವಾಸದಲ್ಲಿ ಎರಡು ದಿನ ಹಾಳು ಮಾಡಿದ ಮನುಷ್ಯ ಈಗ ಕಂಪ್ಲಿಯವರಿಗೆ ದಾರಿ ತೋರಿಸುತ್ತಿದ್ದಾರೆ. ಗಿರಣಿಯವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಅವರ ಹೆಂಡತಿ ಮಾತ್ರ ಎದ್ದು ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ಕಡಿಮೆ ಮಾತಿನ ಹೆಂಗಸು. ಒಲೆಯ ಪಕ್ಕ ನಿಂತು, ದನಿ ತಗ್ಗಿಸಿ ಕೇಳಿದರು:

"ಅಕ್ಕಾರ, ನೀವು ಖರೇನ ಜಾರಿದ್ರೇನ್ರಿ? ಇಲ್ಲ ಬರೇ ಫೋಟೋ ಏನು?"

"ಖರೇನ ಜಾರೀನ್ರಿ."

"ಈ ವಯಸ್ಸಿನಾಗ?"

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಾಲ್‌ನಿಂದ "ಏ, ಚಹಾ ತರ್ತಿಯೇನ" ಎಂಬ ಕೂಗು ಬಂತು. ಮಾತು ಅಲ್ಲಿಗೇ ನಿಂತಿತು. ಆ ಹೆಂಗಸಿಗೆ ಹೇಳಬೇಕಾದ್ದನ್ನು ಈಗ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಓದಿದರೆ ಓದಲಿ.

ನಾನು ಹುಟ್ಟಿ ಬೆಳೆದದ್ದು ಸಂಡೂರು ಬೆಟ್ಟದ ದೋಣಿಮಲೈಯಲ್ಲಿ, ಗಣಿಯ ಕ್ವಾರ್ಟರ್ಸಿನಲ್ಲಿ. ಅದಿರನ್ನು ಸಾಗಿಸುವ ಕನ್ವೇಯರ್ ಬೆಲ್ಟ್ ಹರಿದರೆ ಜೋಡಿಸುವ ಫಿಟ್ಟರ್ ನಮ್ಮಪ್ಪ. ನಮ್ಮ ಮನೆಗಳ ಸಾಲಿನ ಹಿಂದೆ ಕೆಮ್ಮಣ್ಣಿನ ಒಂದು ದಿಬ್ಬ ಇತ್ತು. ಸವೆದುಹೋದ ಬೆಲ್ಟಿನ ತುಂಡೊಂದು ಯಾವ ಕಾಲದಿಂದಲೋ ನಮ್ಮ ಓಣಿಯ ಮಕ್ಕಳ ಆಸ್ತಿಯಾಗಿತ್ತು. ಅದರ ಮುಂದಿನ ಅಂಚಿಗೆ ತೂತು ಕೊರೆದು ಹಗ್ಗ ಕಟ್ಟಿದ್ದೆವು. ದಿಬ್ಬದ ನೆತ್ತಿಯಿಂದ ಬಿಟ್ಟರೆ ಕೆಳಗಿನ ಹುಣಸೆ ಮರದ ತನಕ ಅದು ಜಾರುತ್ತಿತ್ತು. ತುಂಡು ಇದ್ದದ್ದು ಒಂದೇ ಆದ್ದರಿಂದ ಸಾಲಾಗಿ ನಿಂತು ಪಾಳಿ ಕಾಯಬೇಕು. ಉಳಿದವರು ಅದರ ಮೇಲೆ ಕೂತು ಜಾರುತ್ತಿದ್ದರು. ನಾನು ನಿಂತು ಜಾರುತ್ತಿದ್ದೆ, ಮಂಡಿ ಬಗ್ಗಿಸಿ, ಒಂದು ಕೈಯಲ್ಲಿ ಹಗ್ಗ ಹಿಡಿದು. ಹಾಗೆ ನಿಂತು ಜಾರುವವಳು ಇಡೀ ಸಾಲಿಗೆ ನಾನೊಬ್ಬಳೇ.

ನಾನು ದೊಡ್ಡವಳಾಗಿ ಇನ್ನೂ ತಿಂಗಳು ಕಳೆದಿರಲಿಲ್ಲ. ಒಂದು ಸಂಜೆ ದಿಬ್ಬದ ಮೇಲೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿನ ಹುಡುಗಿ ಜಾರಿ ಹೋಗಿದ್ದಳು, ಬೆಲ್ಟಿನ ತುಂಡು ಮೇಲೆ ಬರುವುದಿತ್ತು. ಅಷ್ಟರಲ್ಲಿ ಅವ್ವ ದಿಬ್ಬ ಹತ್ತಿ ಬಂದು ನನ್ನ ತೋಳು ಹಿಡಿದಳು.

"ಇನ್ನ ಸಾಕು. ಮನೀಗೆ ನಡಿ."

"ಇದೊಂದ ಅವ್ವ. ಮುಂದಿನ ಪಾಳಿ ನಂದು."

"ಬ್ಯಾಡ ಅಂದ್ರ ಬ್ಯಾಡ. ಮಂದಿ ಏನ್ ಅಂದಾರು?"

ಮೇಲೆ ಬಂದ ತುಂಡು ನನ್ನ ಹಿಂದಿದ್ದ ಹುಡುಗನ ಕೈಗೆ ಹೋಯಿತು. ನಾನು ಮನೆಗೆ ಹೋದೆ. ಆಮೇಲೂ ಎಷ್ಟೋ ವರ್ಷ ನನ್ನ ತಮ್ಮ ಚಡ್ಡಿಯ ಹಿಂಭಾಗವೆಲ್ಲ ಕೆಂಪು ಮಾಡಿಕೊಂಡು ಬರುತ್ತಿದ್ದ. ಆ ಚಡ್ಡಿಗಳನ್ನು ಒಗೆಯುವ ಕೆಲಸ ನನ್ನದು. ಒಂದೊಂದು ಚಡ್ಡಿ ಉಜ್ಜುವಾಗಲೂ ನನಗೆ ಸಿಟ್ಟು ಬರುತ್ತಿತ್ತು, ಈಗ ನೆನೆದರೂ ಬರುತ್ತದೆ.

ಮುಂದೆ ಹೊಸಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಆಯುಷ್ಯ ಕಳೆಯಿತು. ಘರ್ಷಣೆಯ ಪಾಠ ಮಾಡುವಾಗ ಪ್ರತಿವರ್ಷ ಆ ದಿಬ್ಬ ಕಣ್ಣ ಮುಂದೆ ಬರುತ್ತಿತ್ತು, ಮಕ್ಕಳಿಗೆ ಹೇಳುತ್ತಿರಲಿಲ್ಲ. ಒಮ್ಮೆ ಟೀವಿಯಲ್ಲಿ ಹಿಮದ ಬೆಟ್ಟದಿಂದ ಜನ ಮಂಡಿ ಬಗ್ಗಿಸಿ ನಿಂತು ಜಾರುವುದನ್ನು ಕಂಡಾಗ, ಇದು ನನ್ನ ಆಟವಲ್ಲವೇ ಅನ್ನಿಸಿತು. ನಿವೃತ್ತಿಯಾದ ಮೇಲೆ ಒಂದು ಪ್ರವಾಸ, ಊರು ನಾನು ಆರಿಸಬೇಕು ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಆಲ್ಪ್ಸ್ ಅಂದೆ.

"ಹಿಮ ನೋಡ್ಬೇಕೇನು? ಆತಳ. ಟೂರ್ ಬಸ್ಸಿನಾಗ ಹೋಗೋಣು," ಅಂದರು ನಮ್ಮ ಮನೆಯವರು.

ಟೂರ್ ಬಸ್ಸಿನವರು ಹಿಮದ ಮೇಲೆ ಅರ್ಧ ಗಂಟೆ ಇಳಿಸಿ, ಫೋಟೋ ತೆಗೆಸಿ, ಚಹಾ ಕುಡಿಸಿ ಮತ್ತೆ ಹತ್ತಿಸಿಕೊಳ್ಳುತ್ತಾರೆ. ಹೋಗಿ ಬಂದವರನ್ನು ನಾನು ವಿಚಾರಿಸಿದ್ದೆ. ನೋಡುವುದಕ್ಕಲ್ಲ, ಜಾರುವುದಕ್ಕೆ ಹೋಗಬೇಕು ಅಂದೆ. ಅವರು ನಕ್ಕರು. ಕಾರಿನಲ್ಲಿ ನಾವೇ ಹೋಗಬಹುದು ಅಂದೆ. ನಗು ನಿಂತು ಮುಖ ಅರಳಿತು. ಸಂಡೂರಿನ ಒಂದು ಗಣಿಯಲ್ಲಿ ಟಿಪ್ಪರ್ ಲಾರಿಗಳ ಉಸ್ತುವಾರಿ ಮಾಡಿ ಮುಪ್ಪಾದವರು ಅವರು. ಗಾಡಿ ಅಂದರೆ ಪ್ರಾಣ.

ಆ ಪ್ರಾಣದ ವಿಷಯ ಸ್ವಲ್ಪ ಹೇಳಬೇಕು. ಹೊಸಪೇಟೆ, ಸಂಡೂರು ಕಡೆಯವರಿಗೆ ಗಾಡಿ ತೊಳೆಯುವುದು ಸ್ನಾನದಷ್ಟೇ ಕಡ್ಡಾಯ. ಅದಿರು ಲಾರಿಗಳ ಕಾಲದಲ್ಲಿ ಒಂದು ರಾತ್ರಿ ಹೊರಗೆ ನಿಂತ ಗಾಡಿ ಬೆಳಿಗ್ಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಲಾರಿಗಳು ಕಡಿಮೆಯಾದರೂ ಚಟ ಕಡಿಮೆಯಾಗಲಿಲ್ಲ. ನಮ್ಮ ಮನೆಯವರು ಎದ್ದ ಕೂಡಲೇ ಬಕೆಟ್ ನೀರು ಹಿಡಿದು ಹೊರಗೆ ಹೋಗುತ್ತಾರೆ. ಕಾರಿನ ನೆತ್ತಿಯಿಂದ ನೀರು ಸುರಿದು, ಒರೆಸಿ, ಬಾನೆಟ್ಟಿಗೆ ಕುಂಕುಮ ಇಟ್ಟ ಮೇಲೆಯೇ ಅವರ ಬಾಯಿಗೆ ಕಾಫಿ. ನನಗೆ ಜ್ವರ ಬಂದು ಮಲಗಿದ್ದ ದಿನವೂ ಮೊದಲು ಸ್ನಾನ ಕಂಡದ್ದು ಕಾರೇ.

ಹೊರಡುವ ಸುದ್ದಿ ತಿಳಿದದ್ದೇ ಊರಿಗೆ ಊರೇ ಸಲಹೆ ಹೇಳಲು ಬಂತು. ಜೇಬಿನಲ್ಲಿ ಬೆಳ್ಳುಳ್ಳಿ ಇಟ್ಟುಕೊಳ್ಳಿರಿ ಅಂದರು ಒಬ್ಬರು. ಕಾಶ್ಮೀರಕ್ಕೆ ಹೋಗಿ ಬಂದಿದ್ದ ಪಕ್ಕದ ಮನೆಯವರು, ಎರಡೆರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಳ್ಳಿರಿ ಅಂದರು. ಅದು ತಪ್ಪು. ಸ್ಕೀ ಬೂಟು ಕಲ್ಲಿನ ಹಾಗೆ ಗಟ್ಟಿ, ಒಳಗೆ ತೆಳುವಾದ ಒಂದೇ ಕಾಲುಚೀಲ ಇರಬೇಕು, ಇಲ್ಲವಾದರೆ ರಕ್ತ ಓಡದೆ ಕಾಲು ಮರಗಟ್ಟುತ್ತದೆ. ತೊಡೆ, ಮಂಡಿ ಗಟ್ಟಿ ಮಾಡಿಕೊಳ್ಳಬೇಕು ಎಂಬ ನಿಜವಾದ ಮಾತನ್ನು ಒಬ್ಬರೂ ಹೇಳಲಿಲ್ಲ. ನಾನು ಭಾನುವಾರ ಭಾನುವಾರ ಹಂಪಿಗೆ ಹೋಗಿ ಮಾತಂಗ ಬೆಟ್ಟ ಹತ್ತಿ ಇಳಿದೆ. ನಮ್ಮ ಮನೆಯವರು ಕೆಳಗೆ ಕಾರಿನಲ್ಲಿ ಕೂತು ಸೌತೆಕಾಯಿ ತಿನ್ನುತ್ತಿದ್ದರು. ಇಳಿದು ಬಂದರೆ, "ನೋಡಾಕ ಹೊಂಟೀವಿ, ಇಷ್ಟ್ಯಾಕ ಹತ್ತತಿ?" ಎಂದು ಕೇಳುತ್ತಿದ್ದರು. ಪ್ರತಿ ಭಾನುವಾರವೂ ಅದೇ ಪ್ರಶ್ನೆ.

ಸೂಟ್‌ಕೇಸು ತುಂಬುವ ದಿನ ನೋಡಿದರೆ ಮಧ್ಯದಲ್ಲೊಂದು ಪ್ಲಾಸ್ಟಿಕ್ ಬಕೆಟ್. ಹೊಟ್ಟೆಯೊಳಗೆ ಕಾಲುಚೀಲ, ಶೇಂಗಾ ಚಟ್ನಿಪುಡಿ, ಅವರ ಬನಿಯನ್ನು, ಎಲ್ಲ ತುಂಬಿಸಿಕೊಂಡು ಕೂತಿತ್ತು.

"ಇದ್ಯಾಕ್ರೀ?"

"ಅಲ್ಲಿ ಬಾತ್‌ರೂಮಿನಾಗ ಬಕೆಟ್ ಇರಂಗಿಲ್ಲಂತ. ಒಳಗ ಸಾಮಾನೂ ಹಿಡೀತತಿ, ಜಾಗಾ ಏನ್ ಹೋಗಲ್ಲ."

ಅಂದೇ ಅದನ್ನು ಕಿತ್ತು ಹಿತ್ತಲಿಗೆ ಎಸೆಯಬೇಕಿತ್ತು. ಸ್ನಾನಕ್ಕೆ ಇರಬಹುದು ಅಂದುಕೊಂಡು ಬಿಟ್ಟೆ.

ಜರ್ಮನಿಯ ಮ್ಯೂನಿಕ್ಕಿನಲ್ಲಿ ವಿಮಾನ ಇಳಿದು ಬಾಡಿಗೆ ಕಾರು ತೆಗೆದುಕೊಂಡೆವು. ಅಲ್ಲಿಂದ ಗಡಿ ದಾಟಿ ಆಸ್ಟ್ರಿಯಾದ ಒಂದು ಬೆಟ್ಟದ ಹಳ್ಳಿಗೆ ಹೋಗಬೇಕು. ಗಿರಣಿಯವರೇ, ಕೇಳಿರಿ: ಗಡಿ ದಾಟುವ ಮೊದಲು ಆಸ್ಟ್ರಿಯಾದ ಹೆದ್ದಾರಿಗೆ ಬೇಕಾದ ಸುಂಕದ ಚೀಟಿ ಕೊಂಡು ಗಾಜಿಗೆ ಅಂಟಿಸಬೇಕು. ಚಳಿಗಾಲದ ಟೈರು ಹಾಕಿದ್ದಾರೆಯೇ ಎಂದು ಕೇಳಿ ನೋಡಬೇಕು. ಜಾರದಂತೆ ಗಾಲಿಗೆ ಸುತ್ತುವ ಹಿಮದ ಸರಪಳಿ ಡಿಕ್ಕಿಯಲ್ಲಿ ಇದೆಯೇ ಎಂದು ಕಣ್ಣಾರೆ ನೋಡಬೇಕು. ಇಷ್ಟನ್ನೂ ನಾನೇ ಕೇಳಿದೆ. ನಮ್ಮ ಮನೆಯವರು ಅಷ್ಟು ಹೊತ್ತೂ ಎಡಗಡೆಯ ಸ್ಟೇರಿಂಗ್ ಹಿಡಿದು ಕೂತು, ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಆಮೇಲೆ ಇಳಿದು ಬಾನೆಟ್ಟಿಗೆ ಕುಂಕುಮ ಇಟ್ಟರು. ಬಾಡಿಗೆ ಕಾರಿನ ಹುಡುಗಿ ಬಗ್ಗಿ ನೋಡಿ, ಕಾಗದದಲ್ಲಿ ಏನೋ ಬರೆದುಕೊಂಡಳು.

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಗಾಜು ತೊಳೆಯುವ ನೀರು ಮುಗಿದಿತ್ತು. ಅಲ್ಲಿ ಮಾರಲು ಇಟ್ಟಿದ್ದ ನೀಲಿ ದ್ರವದ ಡಬ್ಬಿ ತೋರಿಸಿದೆ. ಅದು ಚಳಿಗೆ ಹೆಪ್ಪುಗಟ್ಟುವುದಿಲ್ಲ. ಇವರು ನಳದ ನೀರು ಹಿಡಿದು ತುಂಬಿಸಿದರು.

"ಗಾಜಿಗೆ ಹಾಕಾದು ನೀರು. ನೀರಿಗೆ ಬಣ್ಣ ಯಾಕ ಬೇಕು?"

ಬೆಟ್ಟ ಏರತೊಡಗಿದ ಮೇಲೆ ಮುಂದಿನ ಲಾರಿಗಳು ಉಪ್ಪು ಬೆರೆತ ಹಿಮದ ಕೆಸರನ್ನು ಗಾಜಿಗೆ ಎರಚಿದವು. ನೀರಿನ ಗುಂಡಿ ಒತ್ತಿದರೆ ನೀರೇ ಇಲ್ಲ, ಒಳಗೇ ಹೆಪ್ಪುಗಟ್ಟಿತ್ತು. ವೈಪರು ಆಡಿದಷ್ಟೂ ಕೆಸರು ಹರಡಿತು. ಅವರು ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ ಗಾಡಿ ಓಡಿಸಿದರು. ಕಣ್ಣು ಮೂಗಿನಿಂದ ನೀರು ಇಳಿಯುತ್ತಿತ್ತು. ಕಾರಿನ ಲೆಕ್ಕದಲ್ಲಿ ಮುಗಿಯಬೇಕಾದ ದಾರಿ ಎತ್ತಿನ ಗಾಡಿಯ ಲೆಕ್ಕಕ್ಕೆ ಬಂತು. ಮೊದಲ ದಿನ ಹಾಗೆ ಹೋಯಿತು.

ಎರಡನೆಯ ದಿನ ಬೆಳಿಗ್ಗೆ ಹಿಮ ಸುರಿಯುತ್ತಿತ್ತು. ಸ್ಕೀ ಶಾಲೆ ಇದ್ದದ್ದು ಮೇಲಿನ ಹಳ್ಳಿಯಲ್ಲಿ. ಅರ್ಧ ದಾರಿಗೆ ಹೋದ ಮೇಲೆ ಸರಪಳಿ ಹಾಕಿಯೇ ಮುಂದೆ ಹೋಗಬೇಕೆಂಬ ಫಲಕ ಕಂಡಿತು. ಇಳಿದುಕೊಂಡ ಮನೆಯ ಅಂಗಳದಲ್ಲೇ ಒಮ್ಮೆ ಹಾಕಿ ಕಲಿತುಕೊಳ್ಳೋಣ ಎಂದು ನಾನು ಬಡಕೊಂಡಿದ್ದೆ. ಸರಪಳಿ ಹಾಕುವುದು ನನಗೆ ಕಲಿಸುತ್ತೀಯಾ ಎಂಬಂತೆ ನೋಡಿದ್ದರು. ಈಗ ಹಿಮದಲ್ಲಿ ಮಂಡಿಯೂರಿ, ಕೈ ನೀಲಿಗಟ್ಟುವ ತನಕ ಹೆಣಗಿ ಹಾಕಿದರು. ಎದ್ದು ನಿಂತು ಅಂಗೈ ಉಜ್ಜಿಕೊಂಡು ಗಾಡಿ ಹತ್ತಿದರು. ಗಾಡಿ ಇದ್ದಲ್ಲೇ ಹಿಮ ಕೆರೆದುಕೊಂಡು, ಮೂತಿ ಪಕ್ಕಕ್ಕೆ ತಿರುಗಿಸಿ ಹಿಮದ ಗೋಡೆಗೆ ಒರಗಿತು.

ಇಳಿದು ನೋಡಿದೆ. ಸರಪಳಿ ಹಿಂದಿನ ಗಾಲಿಗಳಿಗೆ ಹಾಕಿದ್ದರು.

"ಲಾರಿಗೆ ಹಿಂದಿನ ಗಾಲಿಗೇ ಹಾಕಾದು," ಅಂದರು.

"ಇದು ಲಾರಿ ಅಲ್ರೀ. ಇದಕ್ಕ ಎಳೆಯೋ ಗಾಲಿ ಮುಂದ ಅದಾವು."

"ಗಾಡೀನ ಸರಿ ಇಲ್ಲ," ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಮ ತಳ್ಳುವ ಯಂತ್ರದವರು ಬಂದು ಎಳೆದು ನಿಲ್ಲಿಸುವಷ್ಟರಲ್ಲಿ ಶಾಲೆ ಮುಚ್ಚುವ ಹೊತ್ತಾಗಿತ್ತು. ವಾಪಸು ಬರುತ್ತ ಅವರು, "ಹಿಮಾ ಕಣ್ಣತುಂಬ ನೋಡಿದಿ ಬಿಡು," ಎಂದು ಸಮಾಧಾನ ಹೇಳಿದರು. ನಾನು ಮುಖ ಆಚೆ ತಿರುಗಿಸಿ ಕೂತೆ. ಮಾತಾಡಿದ್ದರೆ ಏನು ಅಂದುಬಿಡುತ್ತಿದ್ದೆನೋ ಗೊತ್ತಿಲ್ಲ.

ಮೂರನೆಯ, ನಾಲ್ಕನೆಯ ದಿನ ಗಾಳಿ ಎದ್ದು ಇಳಿಜಾರುಗಳನ್ನೇ ಮುಚ್ಚಿದರು. ಅದಕ್ಕೆ ಅವರು ಹೊಣೆಯಲ್ಲ, ಗೊತ್ತು. ಎರಡನೆಯ ದಿನ ಕೈತಪ್ಪಿದ್ದಕ್ಕೆ ಮಾತ್ರ ಅವರೇ ಹೊಣೆ. ಕೋಣೆಯ ಕಿಟಕಿಯ ಬಳಿ ಕೂತು ಬಿಳಿ ಬೆಟ್ಟ ನೋಡಿದೆ. ಅವರು ಚಟ್ನಿಪುಡಿ ಹಚ್ಚಿಕೊಂಡು ಬ್ರೆಡ್ಡು ತಿನ್ನುತ್ತ, ಕೆಳಗೆ ನಿಂತ ಕಾರನ್ನು ನೋಡಿದರು. ಉಪ್ಪು, ಕೆಸರು ಮೆತ್ತಿ ಅದರ ಬಣ್ಣವೇ ತಿಳಿಯುತ್ತಿರಲಿಲ್ಲ. ಕುಂಕುಮ ಎಲ್ಲಿ ಹೋಗಿತ್ತೋ. "ಹೆಂಗಾಗೇತಿ ನೋಡು ಅದು," ಎಂದು ಗಳಿಗೆಗೊಮ್ಮೆ ಅನ್ನುತ್ತಿದ್ದರು. ಅವರ ಸಂಕಟ ನಿಜವಾದದ್ದೇ. ನನ್ನ ಸಂಕಟ ಅವರಿಗೆ ಕಾಣಲಿಲ್ಲ ಅಷ್ಟೇ.

ಐದನೆಯ ದಿನ ಕೊನೆಯದು. ಮರುದಿನ ನಸುಕಿಗೇ ವಿಮಾನಕ್ಕೆ ಹೊರಡಬೇಕು. ಗಾಳಿ ನಿಂತು ಬಿಸಿಲು ಬಿದ್ದಿತ್ತು. ಹೊಸಬರ ತರಗತಿಗೆ ನನ್ನ ಹೆಸರು ಬರೆಸಿದ್ದೆ. ದಪ್ಪ ಪ್ಯಾಂಟು ತೊಟ್ಟು, ಹೆಲ್ಮೆಟ್ಟು ಹಿಡಿದು, ಬಾಡಿಗೆಗೆ ತಂದಿದ್ದ ಬೂಟನ್ನು ಹೆಗಲಿಗೆ ಹಾಕಿಕೊಂಡು ಕೆಳಗೆ ಬಂದೆ. ಇವತ್ತು ಏನೂ ಕೆಡಲಿಕ್ಕಿಲ್ಲ ಅನ್ನಿಸಿತ್ತು.

ಅಂಗಳದಲ್ಲಿ ಕಾರು ಫಳಫಳ ಹೊಳೆಯುತ್ತಿತ್ತು. ಒಂದು ಕ್ಷಣ ನನಗೂ ಚಂದ ಕಂಡಿತು. ಹತ್ತಿರ ಹೋದೆ. ನೆತ್ತಿಯಿಂದ ಗಾಲಿಯ ತನಕ ಕಾರಿಗೆ ಗಾಜಿನಂಥ ಮಂಜುಗಡ್ಡೆಯ ಪದರ. ಪಕ್ಕದಲ್ಲಿ ನಮ್ಮ ಮನೆಯವರು ನಿಂತಿದ್ದರು, ಕೈಯಲ್ಲಿ ಹೊಸಪೇಟೆಯ ಬಕೆಟ್.

"ಏನ್ ಮಾಡಿದ್ರಿ?"

"ಒಂದ್ ಬಕೆಟ್ ಹಾಕಿದ್ನೆಪ, ಅಷ್ಟ. ಕೊನೀ ದಿನಾನಾದ್ರೂ ಸ್ವಚ್ಛ ಇರ್ಲಿ ಅಂತ. ನಮ್ಮೂರಾಗ ಹಿಂಗ ಆಗಂಗಿಲ್ಲ."

ನಮ್ಮೂರಿನಲ್ಲಿ ಹೇಗೆ ಆಗುತ್ತದೆ ಸ್ವಾಮಿ? ಬಾಗಿಲ ಹಿಡಿಕೆ ಎಳೆದೆ. ಅಲುಗಲಿಲ್ಲ. ಬಾಗಿಲ ಸಂದಿಗೆ ಇಳಿದ ನೀರು ರಬ್ಬರಿನ ಸಮೇತ ಹೆಪ್ಪುಗಟ್ಟಿತ್ತು. ನಾಲ್ಕು ಬಾಗಿಲೂ ಹಾಗೇ, ಡಿಕ್ಕಿಯೂ ಹಾಗೇ. ಬೂಟಿನ ಜೊತೆಗೇ ಬಾಡಿಗೆಗೆ ತಂದಿದ್ದ ನನ್ನ ಸ್ಕೀ ಹಲಗೆಗಳು ಆ ಡಿಕ್ಕಿಯಲ್ಲಿದ್ದವು.

"ತಡಿ, ಬಿಸಿನೀರು ತರ್ತೀನಿ," ಎಂದು ಒಳಗೆ ಓಡಿದರು. ಬ್ಯಾಡ್ರೀ, ಗಾಜು ಸೀಳ್ತತಿ ಎಂದು ನಾನು ಹೇಳುತ್ತಿದ್ದಂತೆಯೇ ಇನ್ನೊಂದು ಬಕೆಟ್ ನೀರು ತಂದು ಬಾಗಿಲಿಗೆ ಸುರಿದರು. ಹಬೆಯೆದ್ದು, ನೋಡನೋಡುತ್ತಲೇ ಪದರದ ಮೇಲೆ ಇನ್ನೊಂದು ಪದರ ಕೂತಿತು. ಅಂಗಳದ ನೆಲವೂ ಮಂಜುಗಡ್ಡೆಯಾಯಿತು. ಅವರೇ ಕಾಲು ಜಾರಿ ಕುಂಡಿ ಊರಿ ಕೂತರು, ಬಕೆಟ್ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಹೆಪ್ಪುಗಟ್ಟಿಸಿದರೂ ಹೋಗದು ಎಂದು ಅಂದು ನೋಡಿದೆ.

ನನಗೆ ಅಳು ಬಂತು. ಸಿಟ್ಟಿನ ಅಳು. ಅದನ್ನು ಬೇರೆ ರೀತಿ ಹೇಳುವುದೇಕೆ? ಒಂದು ಆಯುಷ್ಯ ಕಾದು, ಸಮುದ್ರ ದಾಟಿ, ಇಳಿಜಾರಿನ ಬುಡಕ್ಕೆ ಬಂದು ನಿಂತರೆ ಒಂದು ಬಕೆಟ್ ನೀರು ಅಡ್ಡ ಬಂದಿತ್ತು.

"ಹೋಗ್ಲಿ ಬಿಡು," ಎಂದು ಅವರು ನೆಲದಿಂದಲೇ ಹೇಳಿದರು. "ಬಿಸಿಲು ಏರಿದ್ಮ್ಯಾಲ ಕರಗತತಿ. ಹಿಮ ಅಂತೂ ನೋಡಿದ್ಯಲ್ಲ."

"ನಾ ನೋಡಾಕ ಬಂದಿಲ್ರೀ," ಅಂದೆ. ಮದುವೆಯಾದಾಗಿನಿಂದ ಅವರೊಡನೆ ಅಷ್ಟು ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅವರು ಏಳುವುದನ್ನು ಮರೆತು ನನ್ನ ಮುಖ ನೋಡಿದರು.

ನಾವು ಇಳಿದುಕೊಂಡಿದ್ದ ಮನೆಯ ಒಡತಿ ಬಾಗಿಲಲ್ಲಿ ನಿಂತು ಇದೆಲ್ಲ ನೋಡುತ್ತಿದ್ದಳು. ನನ್ನ ಬೂಟು ನೋಡಿದಳು, ಕಾರು ನೋಡಿದಳು, ಗೇಟಿನ ಹೊರಗೆ ಬೆರಳು ತೋರಿಸಿ "ಬಸ್" ಅಂದಳು. ಗೇಟಿನ ಎದುರೇ ನಿಲ್ದಾಣ. ಸ್ಕೀಗೆ ಬಂದವರಿಗಾಗಿ ಬಿಟ್ಟಿ ಬಸ್ಸು ಬೆಳಿಗ್ಗೆಯಿಂದ ಸಂಜೆಯ ತನಕ ಮೇಲಿನ ಹಳ್ಳಿಗೆ ಓಡಾಡುತ್ತದಂತೆ. ಐದು ದಿನ ಆ ಬಸ್ಸು ನಮ್ಮ ಕಿಟಕಿಯ ಕೆಳಗೇ ಹೋಗಿ ಬಂದಿತ್ತು. ಯಾರ ಬಸ್ಸೋ ಎಂದು ನಾವು ನೋಡುತ್ತ ಕೂತಿದ್ದೆವು. ನನ್ನ ಅಡುಗೆಮನೆಗೆ ಬಂದಿದ್ದ ತಾಯಿ, ಇದೊಂದನ್ನು ಗಟ್ಟಿಯಾಗಿ ನೆನಪಿಡಿರಿ. ಹಳ್ಳಿ ಮುಟ್ಟಿದ ಮೇಲೆ ಕಾರನ್ನು ಮರೆತುಬಿಡಿರಿ, ಬಸ್ಸು ಹತ್ತಿರಿ.

ನಾನು ಹಿಂದಿರುಗಿ ನೋಡದೆ ಬಸ್ಸು ಹತ್ತಿದೆ. ಮಂದಿ ಏನು ಅಂದಾರು ಎಂಬ ಮಾತು ನೆನಪಾಯಿತು. ಬಸ್ಸಿನ ತುಂಬ ನನ್ನ ಹಾಗೇ ದಪ್ಪ ಪ್ಯಾಂಟು ತೊಟ್ಟ ಮಂದಿ, ನನಗಿಂತ ಮುದಿಯರೂ ಇದ್ದರು. ಯಾರೂ ಏನೂ ಅನ್ನಲಿಲ್ಲ. ಕೂರಲು ಜಾಗ ಕೊಟ್ಟರು.

ಶಾಲೆಯಲ್ಲಿ ಬೇರೆ ಹಲಗೆಗಳನ್ನು ಕೊಟ್ಟರು. ತರಗತಿ ಶುರುವಾಗಿತ್ತು. ಕಲಿಸುವ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು, ಬಾ ಎಂದು ಕೈ ಮಾಡಿದಳು. ಹಲಗೆಗಳ ಮೂತಿ ಒಂದುಗೂಡಿಸಿ ಹಿಮ್ಮಡಿ ಅಗಲಿಸಿದರೆ ನಿಲ್ಲುತ್ತದೆ ಎಂದು ತೋರಿಸಿದಳು. ಮಂಡಿ ಬಗ್ಗಿಸು ಎಂದು ಮುಟ್ಟಿ ತೋರಿಸಲು ಬಂದವಳು, ನನ್ನ ಮಂಡಿ ಆಗಲೇ ಬಗ್ಗಿರುವುದನ್ನು ಕಂಡು ಮುಂದಿನವರ ಬಳಿಗೆ ಹೋದಳು.

ಮೇಲೆ ಹೋಗುವುದು ಹೇಗೆ ಎಂದು ಹುಡುಕಿದೆ. ಹೊಸಬರ ಇಳಿಜಾರಿನ ಬದಿಗೆ ನೆಲದ ಮೇಲೆ ಕಪ್ಪು ರಬ್ಬರಿನ ಪಟ್ಟಿಯೊಂದು ಮೇಲಕ್ಕೆ ಹರಿಯುತ್ತಿತ್ತು. ಅದರ ಮೇಲೆ ಹಲಗೆ ಸಮೇತ ನಿಂತರೆ ಅದೇ ಒಯ್ಯುತ್ತದೆ. ಸಾಲಿನಲ್ಲಿ ನಿಂತು ಹತ್ತಿರ ಹೋದ ಮೇಲೆ ಗುರುತು ಹಿಡಿದೆ. ಕನ್ವೇಯರ್ ಬೆಲ್ಟ್. ಒಂದು ಕಡೆ ಹರಿದದ್ದನ್ನು ಜೋಡಿಸಿದ ಗೆರೆಯೂ ಇತ್ತು, ಅಪ್ಪ ಜೋಡಿಸುತ್ತಿದ್ದ ಹಾಗೇ ಓರೆಯಾಗಿ. ಅದಿರು ಹೋಗುತ್ತಿದ್ದಂಥ ಬೆಲ್ಟಿನ ಮೇಲೆ ನಾನು ನಿಂತು ಮೇಲೆ ಹೋದೆ. ಈ ಸಲದ ಅಳು ಸಿಟ್ಟಿನದ್ದಾಗಿರಲಿಲ್ಲ.

ನೆತ್ತಿಯಲ್ಲಿ ನಿಂತೆ. ನನ್ನ ಮುಂದಿನವಳು ಇಳಿದು ಹೋದಳು. ಹಿಂದೆ ತಿರುಗಿ ನೋಡಿದೆ, ಯಾಕೆಂದು ಕೇಳಬೇಡಿರಿ. ನನ್ನ ತೋಳು ಹಿಡಿಯಲು ಯಾರೂ ಬಂದಿರಲಿಲ್ಲ. ಮಂಡಿ ಬಗ್ಗಿಸಿ ಬಿಟ್ಟೆ.

ಬಿದ್ದೆನೇ ಎಂದು ಎಲ್ಲರೂ ಕೇಳುತ್ತಾರೆ. ಬೀಳಲಿಲ್ಲ. ಬೆಲ್ಟಿನ ಒಂದು ತುಂಡಿನ ಬದಲು ಎರಡು ಹಲಗೆಗಳಿದ್ದವು, ಕೈಯಲ್ಲಿ ಹಗ್ಗ ಇರಲಿಲ್ಲ, ಉಳಿದದ್ದೆಲ್ಲ ಕಾಲಿಗೆ ನೆನಪಿತ್ತು. ಗಾಳಿ ಮುಖಕ್ಕೆ ಬಡಿಯಿತು. ಕಲಿಸುವ ಹುಡುಗಿ ನಿಧಾನ, ನಿಧಾನ ಎಂದು ಕೈಯಾಡಿಸುತ್ತಿದ್ದಳು. ನಾನು ಹಿಮ್ಮಡಿ ಅಗಲಿಸಿದ್ದು ಕೆಳಗೆ ಬಂದ ಮೇಲೆಯೇ. ಬಾಯಿಂದ ಅದೇನೋ ಸದ್ದು ಬರುತ್ತಿತ್ತು, ನಗುತ್ತಿದ್ದೆ ಎಂದು ಆಮೇಲೆ ತಿಳಿಯಿತು.

ಮತ್ತೆ ಹೋದೆ. ಮತ್ತೆ ಹೋದೆ. ಲೆಕ್ಕ ಇಡಲಿಲ್ಲ. ಎಷ್ಟೋ ಸಲ ಆದ ಮೇಲೆ ಇಳಿದು ಬರುವಾಗ ಕೆಳಗೆ, ಬೇಲಿಯ ಬಳಿ, ಒಂದು ಆಕೃತಿ ಕಂಡಿತು. ಮಂಕಿ ಟೋಪಿ. ಕೈಯಲ್ಲಿ ಬಕೆಟ್.

ಹೋಗೋಣ ಎನ್ನಲು ಬಂದಿದ್ದಾರೆ ಅಂದುಕೊಂಡೆ. ಅವ್ವ ದಿಬ್ಬ ಹತ್ತಿ ಬಂದಿದ್ದೂ ಹೀಗೇ.

ನಿಂತು, ಉಸಿರು ಬಿಡುತ್ತ, ನಾನೇ ಕೇಳಿದೆ: "ಕಾರ್ ಏನಾತು?"

"ಹಂಗ ಐತಿ. ಆ ಮನೀ ಅಜ್ಜಿ ನನ್ನೂ ಬಸ್ ಹತ್ತಿಸಿದ್ಲು."

"ಬಕೆಟ್ ಯಾಕ ತಂದ್ರಿ?"

"ಕಾರಿನ ಬಾಗಲಾ ತಗೀವಲ್ದು. ಎಲ್ಲಿಡ್ಲಿ?" ಅಂದರು. ಆಮೇಲೆ ಇಳಿಜಾರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನಾ ಬಂದು ಭಾಳೊತ್ತಾತು. ನೋಡಾಕತ್ತೀನಿ. ಎಲ್ಲಿ ಕಲ್ತಿ ಇದನ್ನ?"

"ದೋಣಿಮಲೈದಾಗ."

ತಮಾಷೆಯೆಂದು ನಗಲು ಹೊರಟವರು ನನ್ನ ಮುಖ ನೋಡಿ ನಿಂತರು. ಅಲ್ಲೇ ಬೇಲಿಗೆ ಒರಗಿ ದಿಬ್ಬ, ಬೆಲ್ಟಿನ ತುಂಡು, ಅವ್ವ, ಎಲ್ಲ ಹೇಳಿದೆ. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಇಷ್ಟ್ ವರ್ಷ ಆತು, ನನಗ್ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಅವರು ಟೋಪಿಯನ್ನು ಮತ್ತೆ ತಲೆಗೆ ಎಳೆದುಕೊಂಡರು. ಈಗ ಊರಿನಲ್ಲಿ ಕೂತು ಆಲ್ಪ್ಸಿನ ಘಾಟಿ ಹೊಡೆದ ಕಥೆ ಹೇಳುವಾಗ ಈ ಭಾಗವನ್ನು ಬಿಡುತ್ತಾರೆ, ಬಕೆಟ್ಟನ್ನೂ ಬಿಡುತ್ತಾರೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಆದರೆ ಅಂದು ಅವರು ಬಿಸಿಲನ್ನು ನೋಡಿದರು, ಬೆಟ್ಟದ ನೆರಳು ಇಳಿಯುವುದನ್ನು ನೋಡಿದರು.

"ಸಾಕಾತೇನು? ಹೋಗೋಣು?" ಎಂದು ಕೇಳಿದರು, ಮೆಲ್ಲಗೆ.

"ತಡೀರಿ," ಅಂದೆ. "ಮುಂದಿನ ಪಾಳಿ ನಂದು."

ಅವರು ಬಕೆಟ್ಟನ್ನು ಹಿಮದ ಮೇಲೆ ಬೋರಲು ಹಾಕಿ ಅದರ ಮೇಲೆ ಕೂತರು. ನಾನು ಹೋಗಿ ಸಾಲಿನಲ್ಲಿ ನಿಂತೆ.